ಗಾಳಿ ತೋರಿಸಿದ ಬಸವಕ್ಕ

ಮದ್ದಿಕೇರದಿಂದ ನಮ್ಮೂರಿಗೆ ಬರುವ ರಸ್ತೆಯಲ್ಲಿ ಈಗ ಎತ್ತ ನೋಡಿದರೂ ಗಾಳಿಯಂತ್ರಗಳೇ. ಎಣಿಸುವ ಸಹನೆ ನನಗಿಲ್ಲ. ಆದವಾನಿಯಿಂದ ಮದುವೆ ಫೋಟೋ ತೆಗೆಯಲು ಬರುವವರು ಅವುಗಳ ಕೆಳಗೆ ಗಂಡುಹೆಣ್ಣನ್ನು ನಿಲ್ಲಿಸಿ, ಎಷ್ಟು ಚೆಂದ ಎನ್ನುತ್ತಾರೆ. ಫೋಟೋ ತೆಗೆದುಕೊಂಡು ಅವರು ಹೋಗುತ್ತಾರೆ, ಇಲ್ಲೇ ಇರುವವರು ನಾವು. ಬಸವಕ್ಕನ ಬಾಗಿಲಲ್ಲಿ ನಿಂತು ಆ ಮಾತು ಆಡಲಿ ನೋಡೋಣ.

ಬಸವಕ್ಕನಿಗೆ ಅರವತ್ತೆಂಟು. ಹತ್ತು ಕುರಿ, ಎರಡೆಕರೆ ಹುರುಳಿ ಹೊಲ, ಹರಿತವಾದ ನಾಲಿಗೆ. ಮನೆಯ ಬಾಗಿಲು ತೆರೆದರೆ ಎದುರಿಗೆ, ಪಡುವಣಕ್ಕೆ, ಬಸವನ ಗುಡ್ಡ. ಕಾಲು ಮಡಚಿ ಮಲಗಿದ ಎತ್ತಿನಂತೆಯೇ ಇತ್ತು ಅದು: ತಲೆ, ಬೆನ್ನು, ನಡುವೆ ಎದ್ದ ಡುಬ್ಬ. ಆಕೆಗೆ ಹೆಸರಿಟ್ಟದ್ದೂ ಅದರದೇ. ಬೆಳಿಗ್ಗೆ ಮುಖ ತೊಳೆದು, ಆ ಡುಬ್ಬಕ್ಕೆ ಕೈಮುಗಿದ ಮೇಲೆಯೇ ಬಸವಕ್ಕ ಬಾಯಿ ತೆರೆಯುತ್ತಿದ್ದಳು. ಅಲ್ಲಿಯವರೆಗೆ ಗಂಡ ಯರ್ರೆಪ್ಪ ಏನು ಕೇಳಿದರೂ ಉತ್ತರವಿಲ್ಲ. ದಿನದಲ್ಲಿ ತನಗೆ ನೆಮ್ಮದಿ ಇರುವುದು ಅದೊಂದೇ ಗಳಿಗೆ ಎಂದು ಅವನು ನಗುತ್ತಿದ್ದ.

ಆಕೆಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಕಣದಲ್ಲಿ ರಾಶಿ ತೂರಲು ಗಾಳಿ ಬೇಕು. ಮಾಘದಲ್ಲಿ ಅದು ಕಣ್ಣಾಮುಚ್ಚಾಲೆ ಆಡುತ್ತದೆ. ಊರವರು ಬುಟ್ಟಿ ಹಿಡಿದು ಕಾಯುತ್ತ ಕೂತಿದ್ದರೆ ಬಸವಕ್ಕ ಒಂದು ಹಿಡಿ ಹೊಟ್ಟು ಮೇಲೆ ತೂರಿ, ಅದು ಬೀಳುವ ಬಗೆ ನೋಡಿ, ಆ ಬೇವಿನ ಬಲಕ್ಕೆ ಹಾಕಿರಿ ಎನ್ನುವಳು. ಅಲ್ಲಿ ಗಾಳಿ ಇರುತ್ತಿತ್ತು. ಗೋನೆಗಂಡ್ಲದ ಬೀಗರು ಸಹ ರಾಶಿಯ ದಿನ ಆಕೆಯನ್ನು ಕರೆಸಿಕೊಂಡದ್ದುಂಟು.

ಆರು ವರ್ಷದ ಹಿಂದೆ ಗಾಳಿಯಂತ್ರದ ಕಂಪನಿಯ ಸರ್ವೆಯವರು ಬಂದರು. ಊರ ಶಾಲೆಯಲ್ಲಿ ಪಾಠ ಹೇಳುವ ವಾದೀಂದ್ರಾಚಾರಿ ನಾನು; ಹಿಂದಿ ಬರುತ್ತದೆಂದು ನನ್ನನ್ನು ಜೊತೆಗೆ ಕರೆದರು. ಗಾಳಿ ಬಲ್ಲವರು ಯಾರಿದ್ದಾರೆ ಎಂದು ಕೇಳಿದರು. ದೊಡ್ಡ ಜಾಣನ ಹಾಗೆ ನಾನು ಬಸವಕ್ಕನ ಮನೆ ತೋರಿಸಿದೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಮುಂದೆ ನಡೆದಳು. ಏದುಸಿರು ಬಿಡುತ್ತ ಅವರು ಹಿಂದೆ. ಡುಬ್ಬದ ಮೇಲೆ ನಿಂತು ಹೊಟ್ಟು ತೂರಿ ತೋರಿಸಿದಳು. ಅವರು ಚಪ್ಪಾಳೆ ತಟ್ಟಿದರು. ಒಂದು ವಾರ ಆಕೆಯ ಹಿಗ್ಗು ಹೇಳತೀರದು. ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ ಆಯಿತೆಂದು ನಮಗಿಬ್ಬರಿಗೂ ಆಗ ತಿಳಿಯಲಿಲ್ಲ.

ಎರಡು ವರ್ಷಕ್ಕೆ ಎತ್ತಿನ ಹೊಟ್ಟೆ ಸೀಳಿ ರಸ್ತೆ ಬಂತು. ಡುಬ್ಬವನ್ನು ಕೊರೆದು ಸಪಾಟು ಮಾಡಿ, ಅಲ್ಲಿ ಬಿಳಿ ಕಂಬ ನಿಲ್ಲಿಸಿ ಮೂರು ರೆಕ್ಕೆ ಸಿಕ್ಕಿಸಿದರು. ಸಂಜೆ ಸೂರ್ಯ ಅದರ ಹಿಂದೆ ಇಳಿದಾಗ ರೆಕ್ಕೆಯ ನೆರಳು ಬಸವಕ್ಕನ ಅಂಗಳದ ಮೇಲೆ, ಗೋಡೆಯ ಮೇಲೆ, ಉಣ್ಣುವ ಗಂಗಾಳದ ಮೇಲೆ ಹಾದುಹೋಗುತ್ತದೆ. ಒಂದು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು. ಒಮ್ಮೆ ಅಲ್ಲಿ ಕೂತು ಚಹಾ ಕುಡಿಯಲು ಹೋಗಿ, ಅರ್ಧಕ್ಕೇ ಲೋಟ ಕೆಳಗಿಟ್ಟು ಎದ್ದುಬಂದೆ. ಕರೆಂಟು ಬೇಡವೇ ಎಂದು ಕೇಳುತ್ತಾರೆ. ಬೇಕು. ಹಾಗೆಂದು ದೇವರ ಬೆನ್ನ ಮೇಲೆಯೇ ಗೂಟ ಹೊಡೆಯಬೇಕೆ? ನೋಡಿದಾಗಲೆಲ್ಲ ನನಗೆ ಅಸಹ್ಯವಾಗುತ್ತದೆ.

ರೆಕ್ಕೆ ತಿರುಗಿದ ಮೊದಲ ಬೆಳಿಗ್ಗೆ ಬಸವಕ್ಕ ಬಾಗಿಲಲ್ಲಿ ಕೈ ಎತ್ತಿದಳು. ಕೈ ಕೂಡಲಿಲ್ಲ. ಮುಗಿದರೆ ಆ ಕಂಬಕ್ಕೆ ಮುಗಿದಂತಾಗುತ್ತದೆ. ಸಂಜೆಯವರೆಗೂ ಆಕೆ ಮಾತಾಡಲಿಲ್ಲ. ಯರ್ರೆಪ್ಪ ಆ ದಿನ ನಗಲಿಲ್ಲ.

ಸಮಾಧಾನ ಹೇಳಲು ನಾನು ಹೋದೆ. ಅವರ ಬಳಿ ಅಳೆಯುವ ಯಂತ್ರಗಳಿದ್ದವು, ನೀನು ತೋರಿಸದಿದ್ದರೂ ಹುಡುಕುತ್ತಿದ್ದರು ಎಂದೆ. ನಿಜವೇ ಅದು.

"ತಾವ ಹುಡುಕಿದ್ರ ಪಾಪ ಅವ್ರಿಗೆ ಹತ್ತತಿತ್ತು, ಆಚಾರ್ರೆ," ಎಂದಳು. "ಮುಂದ ನಡದು ತೋರಿಸಿದಾಕಿ ನಾನು."

ಹೋದ ಆಷಾಢದಲ್ಲಿ ಬೇರೆ ಹುಡುಗರು ಬಂದರು. ಊರ ಮೂಡಣಕ್ಕೆ ಇನ್ನೊಂದು ಗುಡ್ಡ ಉಳಿದಿದೆಯಲ್ಲ, ಅದರ ಮೇಲೆ ಕಣ್ಣು. ಗಾಳಿ ಬಲ್ಲ ಅಜ್ಜಿ ಎಂದು ಯಾರೋ ಹೇಳಿದ್ದರಂತೆ, ನೇರ ಬಸವಕ್ಕನ ಅಂಗಳಕ್ಕೇ ಬಂದರು. ನಾನು ಅಲ್ಲೇ ಇದ್ದೆ. ಗಾಳಿ ಎಷ್ಟಿತ್ತೆಂದರೆ ಒಬ್ಬನ ಕೈಯ ಕಾಗದ ಹಾರಿ ಜಾಲಿಮುಳ್ಳಿಗೆ ಸಿಕ್ಕಿತು. ಬಸವಕ್ಕ ಮುಖಕ್ಕೆ ಬಡಿಯುತ್ತಿದ್ದ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗಾಲೇ ಲೇದು, ನಾಯನಾ," ಎಂದು ತೆಲುಗಿನಲ್ಲಿ ಹೇಳಿ ನನ್ನ ಕಡೆ ತಿರುಗಿದಳು. "ನೀವೂ ಹೇಳ್ರಿ ಆಚಾರ್ರೆ. ನಮ್ಮೂರಾಗ ಗಾಳಿನ ಇಲ್ಲ."

ಇಲ್ಲ ಎಂದು ನಾನೂ ಹೇಳಿದೆ. ಅವರು ಮುಖ ಮುಖ ನೋಡಿಕೊಂಡು ನಕ್ಕರು. ಒಬ್ಬ ವಿಡಿಯೋ ಮಾಡಿಕೊಂಡ.

ಈ ಮಾಘದಲ್ಲಿ ಕಣದ ಕಡೆ ಹೋಗಿದ್ದೆ. ಎಂದೂ ಇಲ್ಲದ ಒಳ್ಳೆಯ ಗಾಳಿ ಎದ್ದಿತ್ತು, ಎಲ್ಲರೂ ಗಡಿಬಿಡಿಯಿಂದ ತೂರುತ್ತಿದ್ದರು. ಬಸವಕ್ಕ ಮಾತ್ರ ಕಣದ ಪಕ್ಕದ ತನ್ನ ಮನೆಯ ಗೋಡೆಯ ಮರೆಯಲ್ಲಿ, ಗುಡ್ಡಕ್ಕೆ ಬೆನ್ನು ಹಾಕಿ ಕೂತು, ಹುರುಳಿಯನ್ನು ಮೊರದಲ್ಲಿ ಕೇರುತ್ತಿದ್ದಳು. ಗಾಳಿಗಾದರೆ ಅರ್ಧ ದಿನದ ಕೆಲಸ, ಮೊರದಲ್ಲಿ ನಾಲ್ಕು ದಿನ. ಬೆರಳ ಸಂದಿ ಬಿರಿದಿತ್ತು. ಇಷ್ಟು ಗಾಳಿ ಇರುವಾಗ ಇದೇನು ಎಂದು ಕೇಳಿದೆ.

"ಇಲ್ಲ ಅಂದೀನಲ್ರಿ," ಎಂದಳು, ತಲೆ ಎತ್ತದೆ. "ಇಲ್ಲ ಅಂದ ಮ್ಯಾಲ ಯಾವ ಮಕ ಇಟಗೊಂಡು ಅದರ ಮುಂದ ಬುಟ್ಟಿ ಹಿಡೀಲಿ?"

ಇಲ್ಲ ಎಂದವರಲ್ಲಿ ನಾನೂ ಒಬ್ಬ. ಒಳಗೆ ಹೋಗಿ ಯರ್ರೆಪ್ಪನ ಹತ್ತಿರ ಇನ್ನೊಂದು ಮೊರ ಕೇಳಿದೆ.