ಒತ್ತಕ್ಷರ ನುಂಗಿದ ಪರದೆ

ತೊಂಬತ್ತರ ದಶಕದ ಕೊನೆಯಲ್ಲಿ ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರ ನಾನೂ ನನ್ನ ಭಾವನೂ ಸೇರಿ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ಇಟ್ಟಿದ್ದೆವು. ನನ್ನ ಬೆರಳು ಒಗ್ಗಿದ್ದು ಕಪ್ಪು ಪರದೆಯ ಡಾಸ್ ಕಾಲದ ಒಂದು ಕನ್ನಡ ತಂತ್ರಾಂಶಕ್ಕೆ. ಭಾವ ಬಣ್ಣದ ಪರದೆಯ ಹೊಸ ಕಂಪ್ಯೂಟರ್ ತಂದಾಗ, ಅದರಲ್ಲೂ ಇದೇ ನಡೆಯಬೇಕೆಂದು ಹಠ ಹಿಡಿದೆ. ನಡೆಯಿತು. ಹಳೆಯ ತಂತ್ರಾಂಶಗಳಿಗೆಂದೇ ಹೊಸ ಯಂತ್ರ ಪರದೆಯಲ್ಲೊಂದು ಚಿಕ್ಕ ಚೌಕಟ್ಟು ಬಿಟ್ಟುಕೊಟ್ಟಿತ್ತು. ಆದರೆ ಅದರೊಳಗೆ ಸಾಲಿನ ಕೆಳಭಾಗ ಕತ್ತರಿಸಿಹೋಗಿ, ಒತ್ತಕ್ಷರಗಳೇ ಕಾಣುತ್ತಿರಲಿಲ್ಲ. ಅಜ್ಜ ‘ಅಜ’ನಾದ, ದೊಡ್ಡಪ್ಪ ‘ದೊಡಪ’ನಾದ. ಕಾಗದದ ಮೇಲೆ ಮಾತ್ರ ಎಲ್ಲ ಸರಿಯಾಗಿ ಬರುತ್ತಿತ್ತು.

ಮೊಮ್ಮಗಳ ಲಗ್ನಪತ್ರಿಕೆಗೆಂದು ಸರಸಂಬಾದಿಂದ ಬಂದಿದ್ದ ನಿವೃತ್ತ ಮಾಸ್ತರರು ಪರದೆ ನೋಡಿ ಹೌಹಾರಿದರು.

“ಶ್ರೀ ಅನ್ನೂದು ಶೀ ಆಗ್ಯದಲ್ರಿ! ಲಗ್ನದ ಪತ್ರಿಕಿ ಮ್ಯಾಲ ಹಿಂಗ ಬರೀತಾರೇನ್ರಿ?”

“ಕಾಗದದಾಗ ಸರಿ ಬರ್ತದರಿ,” ಎಂದು ಪ್ರತಿ ತೆಗೆದು ಕೊಟ್ಟೆ. ಅವರು ಕಾಗದ ನೋಡಿದರು, ಪರದೆ ನೋಡಿದರು. “ಇಷ್ಟ್ ಹೊಸಾ ಮಷೀನ್ ಸುಳ್ಳ ಹೇಳ್ತದೇನು?” ಎಂದು ಎದ್ದು ಹೋದರು.

ಭಾವ ಗುಲ್ಬರ್ಗದಿಂದ ರಿಪೇರಿಯವನನ್ನು ಕರೆಸಿದರು. ಆತ ವೈರು ಬದಲಿಸಿದ, ಒಳಗಿನ ಕಾರ್ಡು ಕಿತ್ತು ಮತ್ತೆ ಕೂರಿಸಿದ, ಪರದೆಯ ಬಣ್ಣಗಳನ್ನು ಕಡಿಮೆ ಮಾಡಿದ. ಅಕ್ಷರಗಳು ನೇರಳೆಯಾದವು, ಒತ್ತು ಬರಲಿಲ್ಲ. “ಮಷೀನ್ ಬರೋಬರ್ ಅದರಿ, ನಿಮ್ಮ ಕನ್ನಡನ ಹಳೇದಾಗ್ಯದ,” ಎಂದು ತೀರ್ಪು ಕೊಟ್ಟು, ಚಹಾ ಕುಡಿದು ಬಸ್ ಹತ್ತಿದ.

ಮರುದಿನ ಬೇಸರದಿಂದ ಟೈಪ್ ಮಾಡುತ್ತಿದ್ದೆ. ಎಂಟರ್ ಒತ್ತುವಾಗ ಇನ್ನೊಂದು ಕೈಯ ಹೆಬ್ಬೆರಳು ಗೊತ್ತಿಲ್ಲದೆ ಆಲ್ಟ್ ಕೀಲಿಯನ್ನೂ ಒತ್ತಿತ್ತು. ಪರದೆ ಒಮ್ಮೆ ಕಪ್ಪಾಯಿತು. ಮರುಕ್ಷಣ ಚೌಕಟ್ಟು ಮಾಯವಾಗಿ, ತಂತ್ರಾಂಶ ಇಡೀ ಪರದೆ ತುಂಬಿಕೊಂಡಿತು. ಒತ್ತುಗಳೆಲ್ಲ ತಮ್ಮ ತಮ್ಮ ಅಕ್ಷರದ ಕೆಳಗೆ ತಣ್ಣಗೆ ಕೂತಿದ್ದವು.

“ಬಂದಾವ ನೋಡ್ರಿ!” ಎಂದು ಕೂಗಿದೆ. ಭಾವ ಹಿಗ್ಗಿ, ಮಾಸ್ತರರಿಗೆ ಹೇಳಿ ಕಳಿಸಿದರು.

ಮಾಸ್ತರರು ಬೀಗರನ್ನೂ ಕರೆದುಕೊಂಡು ಬಂದರು. ‘ಶ್ರೀ’ ನೋಡಿ ಕೈ ಮುಗಿದು, ಕುರ್ಚಿ ಎಳೆದುಕೊಂಡು ಕೂತರು. ಈಗ ಎಲ್ಲವೂ ಓದಲು ಬರುತ್ತಿತ್ತಲ್ಲ.

“ದೊಡ್ಡಪ್ಪನ ಹೆಸರು ಮ್ಯಾಲ ತಗೋರಿ,” ಎಂದರು ಮಾಸ್ತರರು.

“ಯಾಕ್ರಿ, ಸ್ವಾದರಮಾವ ಏನ್ ಪಾಪ ಮಾಡ್ಯಾನ?” ಎಂದು ಬೀಗರು ತಕರಾರು ತೆಗೆದರು.

ಮಧ್ಯಾಹ್ನ ಕಳೆಯುವವರೆಗೆ ದೊಡ್ಡಪ್ಪ, ಸೋದರಮಾವ ಇಬ್ಬರನ್ನೂ ಮೇಲೆ ಕೆಳಗೆ ಮಾಡಿದೆ. ಅವರನ್ನು ಕಂಡು ಉಳಿದ ಗಿರಾಕಿಗಳೂ ಪರದೆಯ ಮುಂದೆ ಕೂರತೊಡಗಿದರು. ದಿನಕ್ಕೊಂದು ಪತ್ರಿಕೆ ಮುಗಿದರೆ ಹೆಚ್ಚು ಎನ್ನುವಂತಾಯಿತು.

ಕೊನೆಗೊಂದು ದಿನ ಭಾವ ಎದ್ದು, ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿದರು. ನಾನು ಗೋಡೆಗೂ ಮೇಜಿಗೂ ನಡುವೆ ನುಸುಳಿ ಕೂತು ಟೈಪ್ ಮಾಡುವುದನ್ನು ರೂಢಿ ಮಾಡಿಕೊಂಡೆ.