ಬೀಗದಕ್ಕ ತಮ್ಮನಿಗೆ ಜಾಗ ಹುಡುಕಿದ್ದು

ನಮ್ಮ ಬೀದಿಯಲ್ಲಿ ಬೀಗ ಕೆಟ್ಟರೆ ಎಲ್ಲರೂ ಓಡುವುದು ಬೀಗದಕ್ಕನ ಅಂಗಡಿಗೆ. ಅದು ಅವಳು ಅಪ್ಪನಿಂದ ಕಲಿತ ಕೆಲಸ. ತಮ್ಮನೂ ಕಲಿತಿದ್ದ, ಅವಳಿಗಿಂತ ಚೆನ್ನಾಗಿ. ಆಮೇಲೆ ಕುಡಿತಕ್ಕೆ ಬಿದ್ದ. ಅಕ್ಕ ಅವನನ್ನು ಕೋಣೆಯಲ್ಲಿ ಹಾಕಿ ಬೀಗ ಹಾಕುವುದು, ಅವನು ಒಳಗಿನಿಂದಲೇ ತೆಗೆದು ಹೋಗುವುದು, ಅವಳು ಇನ್ನೂ ಗಟ್ಟಿ ಬೀಗ ಕೂರಿಸುವುದು. ಎಂಟು ವರ್ಷ ಇದೇ ಹಾಡು. ಪಕ್ಕದ ಅಂಗಡಿಯ ದರ್ಜಿ ನಾನು, ಬೀಗದಿಂದ ಕುಡಿತ ನಿಲ್ಲಲ್ಲ ಅಂತ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಅವಳು ಕೇಳಬೇಕಲ್ಲ!

ಹೋದ ತಿಂಗಳು ಕುಡಿತ ಒಮ್ಮೆಲೇ ನಿಲ್ಲಿಸಿದಾಗ ಅವನಿಗೆ ಫಿಟ್ಸ್ ಬಂತು. ಇನ್ನೊಮ್ಮೆ ಮನೆಯಲ್ಲೇ ಬಿಡಿಸಲು ಹೋದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಕೊನೆಗೊಂದು ಬೆಳಿಗ್ಗೆ ಅವನಾಗಿಯೇ ಅಂಗಡಿಗೆ ಬಂದ.

"ಎಲ್ಲಾದ್ರೂ ಸೇರಿಸಕ್ಕ. ಸಂಜೆವರೆಗೂ ನನ್ನ ಮನಸ್ಸು ಹೀಗೇ ಇರುತ್ತೆ ಅಂತ ಹೇಳಕ್ಕಾಗಲ್ಲ."

ಅಕ್ಕ ಉಜ್ಜುತ್ತಿದ್ದ ಕೀಲಿಕೈಯನ್ನು ಅಲ್ಲೇ ಬಿಟ್ಟು ಎದ್ದಳು. ಅವನ ಬಟ್ಟೆಯ ಬ್ಯಾಗು ಹಿಡಿದು ನಾನೂ ಹೊರಟೆ.

ಮೊದಲು ನೋಡಿದ ಕುಡಿತ ಬಿಡಿಸುವ ಕೇಂದ್ರದಲ್ಲಿ ಗೇಟಿಗೆ ಬೀಗ, ಮೆಟ್ಟಿಲಿಗೆ ಬೀಗ, ಕೋಣೆಕೋಣೆಗೂ ಬೀಗ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಮ್ಯಾನೇಜರು ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಮೂರು ತಿಂಗಳು ನಮಗೆ ಬಿಟ್ಬಿಡಿ, ನೋಡೋಕೂ ಬರ್ಬೇಡಿ" ಅಂದ. ನನಗೆ ಮೈಯೆಲ್ಲ ಉರಿಯಿತು. ತಮ್ಮ ಮಾತ್ರ ಬಾಗಿಲನ್ನೊಮ್ಮೆ ನೋಡಿ, "ಇಲ್ಲೇ ಇರ್ತೀನಿ" ಅಂದುಬಿಟ್ಟ.

ಸಹಿಗೆ ಪೆನ್ನು ಹಿಡಿದಿದ್ದ ಅಕ್ಕ ಎದ್ದುಹೋಗಿ, ಬಗ್ಗಿ ಆ ಬಾಗಿಲಿನ ಬೀಗ ನೋಡಿದಳು. ಅಪ್ಪ ಇಬ್ಬರಿಗೂ ಮೊಟ್ಟಮೊದಲು ತಂತಿಯಲ್ಲಿ ತೆಗೆಯಲು ಕಲಿಸಿದ್ದು ಅದೇ ನಮೂನೆಯದು.

"ಎಷ್ಟು ಹೊತ್ತು ಬೇಕೋ ನಿಂಗೆ ಇದಕ್ಕೆ?"

ಅವನು ತಲೆ ತಗ್ಗಿಸಿದ. "ಎರಡು ನಿಮಿಷ."

ಎರಡನೇ ಕೇಂದ್ರ ಮುಟ್ಟುವಾಗ ನಾಲ್ಕು ಗಂಟೆ. ನರ್ಸಮ್ಮ ಅವನನ್ನು ಕೂರಿಸಿಕೊಂಡು ಕೊನೆಯ ಸಲ ಕುಡಿದದ್ದು ಯಾವಾಗ, ಫಿಟ್ಸ್ ಬಂದಿತ್ತಾ, ಯಾವ ಮಾತ್ರೆ ಎಂದೆಲ್ಲ ಕೇಳಿದರು. ಮೊದಲ ಹತ್ತು ದಿನ ಡಾಕ್ಟರು ಇಲ್ಲೇ ಇರುತ್ತಾರೆ, ಭಾನುವಾರ ಮನೆಯವರು ಬರಲೇಬೇಕು ಅಂದರು. ಅಕ್ಕನ ಕಣ್ಣು ಬಾಗಿಲ ಮೇಲೆಯೇ.

"ಬೀಗ ಎಲ್ಲಿ ಸಿಸ್ಟರ್?"

"ಔಷಧಿ ಬೀರುಗೆ ಮಾತ್ರ ಇದೆ."

"ಓಡಿಹೋದ್ರೆ?"

"ಹೋಗ್ಬೇಕು ಅನ್ನಿಸಿದಾಗ ನಮ್ಮ ಹತ್ರ ಬಂದು ಕೂತ್ಕೋಬೇಕು. ಒಬ್ರು ಎದ್ದೇ ಇರ್ತೀವಿ."

ತಮ್ಮನ ಮುಖ ಬಿಳಚಿಕೊಂಡಿತು. "ಬೇಡಕ್ಕ. ಇಲ್ಲಾದ್ರೆ ನಾನಾಗೇ ಇರ್ಬೇಕಾಗುತ್ತೆ."

ಅಕ್ಕ ಗದರಲಿಲ್ಲ. ಅರ್ಜಿಯನ್ನು ಅವನ ಮುಂದೆ ಸರಿಸಿದಳು. "ನನ್ನ ಕೈಲಾಗಿದ್ದು ಮುಗೀತು ಕಣೋ."

ಅವನು ಧಡಕ್ಕನೆ ಎದ್ದು ಹೊರಗೆ ನಡೆದ. ಗೇಟು ತೆರೆದೇ ಇತ್ತು, ಎದುರಿಗೇ ಬಸ್ಸು ನಿಂತಿತ್ತು. ಕೂಗಬಾರದೆಂದು ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸ್ಸು ಹೊರಟಿತು. ಅವನು ಇನ್ನೂ ಗೇಟಿನಲ್ಲೇ ಇದ್ದ.

ತಿರುಗಿ ಬಂದವನು ಚಪ್ಪಲಿಯ ಅಟ್ಟೆಯ ಸಂದಿಯಿಂದ ಬಗ್ಗಿಸಿದ ತಂತಿಯೊಂದನ್ನು ಎಳೆದು ಅಕ್ಕನ ಅಂಗೈಯಲ್ಲಿಟ್ಟ. ಆಮೇಲೆ ಪೆನ್ನು ಕೇಳಿದ.