ಮಾವಿನ ರಸಕ್ಕೆ ಹಾಕಿದ ಮದ್ದು

ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೆ ಅರವತ್ತರ ದಶಕದ ಕೊನೆಯಲ್ಲಿ ಅತ್ತ ಹನೂರು, ಇತ್ತ ಯಳಂದೂರಿನವರೆಗೆ ಯಾವುದಾದರೂ ಅಂಗಡಿಯಲ್ಲಿ ಬಾಟಲಿಯ ಮಾವಿನ ರಸ ಕಂಡಿತೆಂದರೆ ಅದು ಕೊಳ್ಳೇಗಾಲದ ನಮ್ಮ ಮನೆಯದೇ. ಹೆಂಡತಿ ಹಣ್ಣು ಹಿಂಡುತ್ತಿದ್ದಳು. ನಾನು ಸೋಸಿ, ಪಾಕ ಬೆರೆಸಿ, ತುಂಬಿ, ಬಿರಡೆ ಬಡಿದು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಡುತ್ತಿದ್ದೆ. ಕಾಮಗೆರೆಯಲ್ಲಂತೂ ಬಾಟಲಿಗಳ ಸದ್ದಿಗೇ ಅಂಗಡಿಯವರು ಹೊರಗೆ ಬರುತ್ತಿದ್ದರು.

ಮೊದಮೊದಲು ರಸ ನಿಲ್ಲುತ್ತಿರಲಿಲ್ಲ. ಬೇಸಗೆಯ ಸೆಕೆಗೆ ಹುಳಿತು ಬಿರಡೆ ಹಾರುತ್ತಿತ್ತು. ಕೆಡಬಾರದೆಂದು ಚೆನ್ನಾಗಿ ಕುದಿಸಿದೆ. ಕೆಡಲಿಲ್ಲ ನಿಜ, ಆದರೆ ಹಣ್ಣಿನ ಘಮ ಹೋಗಿ ಬೆಂದ ವಾಸನೆ ಬಂತು, ಬಣ್ಣ ಕಂದಿತು. ಹನೂರಿನ ಅಂಗಡಿಯವನು ಒಂದು ಗುಟುಕು ಕುಡಿದು, ಇದು ರಸವೋ ಸೊಪ್ಪು ಬಸಿದ ನೀರೋ ಎಂದು ಕೇಳಿದ. ಆ ಮಾತು ಬಹಳ ದಿನ ಚುಚ್ಚಿತು.

ಆಮೇಲೆ ಸರ್ಕಾರದವರು ಹಣ್ಣು ಕೆಡದಂತೆ ಇಡುವ ತರಬೇತಿ ನಡೆಸಿದರು. ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಸಕ್ಕರೆ ಪಾಕವನ್ನಷ್ಟೇ ಕುದಿಸಿ ಆರಿಸಬೇಕು, ಹಸಿ ರಸ ಬೆರೆಸಬೇಕು, ಕೊನೆಗೆ ತೂಗಿಟ್ಟ ಬಿಳಿ ಪುಡಿಯನ್ನು ನೀರಲ್ಲಿ ಕದಡಿ ಸೇರಿಸಬೇಕು. ಹೆಚ್ಚಾದರೆ ಬೆಂಕಿಕಡ್ಡಿ ಗೀರಿದ ವಾಸನೆ ಬಂದು ಗಂಟಲು ಹಿಡಿಯುತ್ತದೆ, ಕುಡಿದವರಿಗೂ ಒಳ್ಳೆಯದಲ್ಲ. ಕಡಿಮೆಯಾದರೆ ಹುಳಿಯುತ್ತದೆ. ನೇರಳೆ ರಸಕ್ಕೆ ಹಾಕಿದರೆ ಅದರ ಚೆಂದದ ಬಣ್ಣವೇ ಬಿಳಿಚಿಕೊಳ್ಳುತ್ತದೆ. ಆ ಪುಡಿಯನ್ನು ನಾನು ಎಂದೂ ಕೈ ಅಂದಾಜಿನಲ್ಲಿ ಹಾಕಿದವನಲ್ಲ. ಅಕ್ಕಸಾಲಿಗರ ತಕ್ಕಡಿಯನ್ನೇ ಕೊಂಡು ತಂದೆ.

ಪುಡಿಯ ಇಂಗ್ಲಿಷ್ ಹೆಸರು ಮಾತ್ರ ನನ್ನ ನಾಲಿಗೆಗೆ ಹೊರಳಲಿಲ್ಲ. ‘ಮದ್ದು’ ಎಂದುಬಿಟ್ಟೆ. ಜ್ವರಕ್ಕೆ ಕುಡಿಯುವುದೂ ಮದ್ದು, ಪೈರಿಗೆ ಹೊಡೆಯುವುದೂ ಮದ್ದು. ಆದರೆ ನಮ್ಮ ಸೀಮೆಯಲ್ಲಿ ‘ಮದ್ದು ಹಾಕಿದರು’ ಎಂದರೆ ಅರ್ಥವೇ ಬೇರೆ. ಆಗದವರು ಊಟದಲ್ಲಿ ಬೆರೆಸಿ ಹೊಟ್ಟೆಗಿಳಿಸುವ ವಿಷ ಅದು.

ಮಾಂಬಳ್ಳಿಯ ದೊಡ್ಡ ಮನೆಯೊಂದರಿಂದ ಮಗಳ ಮದುವೆಗೆ ರಸ ಬೇಕೆಂದು ಹೇಳಿಕಳಿಸಿದರು. ಆ ಚಪ್ಪರದಲ್ಲಿ ನನ್ನ ರಸ ಬಡಿಸಿದರೆ ಸುತ್ತಿನ ಊರಿನ ಮದುವೆಗಳೆಲ್ಲ ನನ್ನವೇ. ಹೋಗಿ ಜಗುಲಿಯ ಮೇಲೆ ಬಾಟಲಿ ಇಟ್ಟೆ. ಮದುವೆಯವರೆಗೆ ಇದು ತಡೆಯುತ್ತದೆಯೇ ಎಂದು ಯಜಮಾನರು ಕೇಳಿದರು.

“ಕೆಡಕಿಲ್ಲ ಯಜಮಾನ್ರೆ, ಮದ್ದು ಆಕಿವ್ನಿ” ಎಂದೆ, ಎದೆ ಸೆಟೆಸಿ.

ಒಳಗೆ ಅಕ್ಕಿ ಕೇರುತ್ತಿದ್ದ ಅವರ ತಾಯಿಯ ಮೊರ ನಿಂತಿತು. ಬಾಗಿಲಿಗೆ ಬಂದರು.

“ಬೀಗ್ರಿಗೆ ಮದ್ದು ಇಕ್ಕಕೆ ನಮ್ಮನೇನೇ ಸಿಕ್ತೇನ್ಲಾ ನಿಂಗೆ?”

ಯಜಮಾನರು ನಕ್ಕರು. ಆದರೆ ಆ ಮನೆಯಲ್ಲಿ ತಾಯಿ ಬೇಡವೆಂದರೆ ಮುಗಿಯಿತು. ನನಗೆ ಮದುವೆ ಕೈತಪ್ಪುವುದಕ್ಕಿಂತ ಆ ಮಾತಿನದೇ ಭಯ. ಅದು ಸಂತೆಗೆ ಬಿದ್ದರೆ ನನ್ನ ಬಾಟಲಿಯನ್ನು ಯಾರೂ ಮುಟ್ಟುವುದಿಲ್ಲ. ಹಾಗೆಂದು ಕೈಮುಗಿಯಲಿಲ್ಲ, ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಪುಡಿ ಹಾಕಿದ್ದೊಂದು, ಹಾಕದ್ದೊಂದು ಬಾಟಲಿ ತಂದುಕೊಡುತ್ತೇನೆ, ನೀವೇ ಇಟ್ಟುಕೊಂಡು ನೋಡಿ ಎಂದೆ. ಮಾರನೆಯ ದಿನ ತಂದೆ. ಯಜಮಾನರ ತಾಯಿ, ಆ ಅಜ್ಜಿ, ಎರಡನ್ನೂ ಕಸಿದುಕೊಂಡವರಂತೆ ಒಯ್ದು, ಯಾರೂ ಮುಟ್ಟದಿರಲೆಂದು ತಮ್ಮ ಕೋಣೆಯ ಸೀರೆಗಳ ಪಕ್ಕದಲ್ಲೇ ಇಟ್ಟರು.

ಮುಂದಿನ ವಾರ ಬರಲು ಹೇಳಿಕಳಿಸಿದರು. ಹೋಗಿ ನೋಡಿದರೆ ಹಿತ್ತಲಲ್ಲಿ ಸೀರೆಗಳ ರಾಶಿ ಒಗೆತಕ್ಕೆ ಬಿದ್ದಿತ್ತು. ಪುಡಿ ಹಾಕದ ಬಾಟಲಿ ಬಿರಡೆ ಹಾರಿಸಿ ಅವುಗಳ ಮೇಲೆಲ್ಲ ಉಕ್ಕಿತ್ತು. ವಾಸನೆ ಥೇಟ್ ಹೆಂಡದ್ದು. ಲಿಂಗ ಕಟ್ಟಿದವರ ಮನೆ ಅದು, ಹೆಂಡದ ಗಾಳಿಯೂ ಹೊಸಿಲು ದಾಟಿದ್ದಿಲ್ಲ.

“ಮದ್ದಿಲ್ದೆ ಇರೋದೇ ಕುಡುಕನಂಗೆ ನನ್ ಸೀರೆ ಮ್ಯಾಲೆ ಕಕ್ಕಂತು ಕಣ್ಲಾ” ಎಂದರು ಅಜ್ಜಿ. “ಇದ್ನ ಬಡ್ಸಿದ್ರೆ, ಬೀಗ್ರಿಗೆ ಎಂಡ ಕುಡ್ಸುದ್ರು ಅನ್ನೋರು ಊರೋರು.”

ಇನ್ನೊಂದು ಬಾಟಲಿ ಇಟ್ಟ ಹಾಗೇ ಇತ್ತು. ತೆರೆದೆ. ನೀರು ಬೆರೆಸಿ ಮೊದಲು ನಾನು ಕುಡಿದೆ. ಆಮೇಲೆ ಅಜ್ಜಿ ಒಂದು ಗುಟುಕನ್ನು ಬಾಯಲ್ಲೇ ಆಡಿಸಿ ನುಂಗಿದರು. ಹಣ್ಣು ಈಗ ತಾನೇ ಹಿಂಡಿದಂತಿದೆ ಎಂದು ಒಪ್ಪಿಕೊಂಡರು. ಹಾಗಾದರೆ ಆ ಪುಡಿ ಒಳಗೆ ಕೂತು ಮಾಡುವುದೇನು ಎಂದು ಕೇಳಿದರು. ಹುಳಿಸುವುದನ್ನು ಹತ್ತಿರ ಸೇರಿಸದೆ ರಸವನ್ನು ಕಾಯುತ್ತದೆ ಎಂದೆ.

“ಅಂಗಾರೆ ಕಾವ್ಲು ಅನ್ನು. ಒಲಕ್ಕೆ ಕಾವ್ಲಿದ್ದಂಗೆ. ಮದ್ದು ಅನ್ನಕೆ ಯಾರ್ಲಾ ಯೋಳ್ಕೊಟ್ಟೋರು ನಿಂಗೆ?”

ಮದುವೆಯ ದಿನ ಬೀಗರ ಎದುರು ಮೊದಲ ಲೋಟ ಎತ್ತಿಕೊಂಡವರು ಆ ಅಜ್ಜಿಯೇ. ಸಂಜೆಗೆ ತುಂಬಿದ ಬಾಟಲಿ ಒಂದೂ ಮಿಕ್ಕಿರಲಿಲ್ಲ.

ಮರು ವರ್ಷದ ಮಾವಿನ ಕಾಲದಲ್ಲಿ ಹನೂರಿಗೆ ಹೋದಾಗ, ಸೊಪ್ಪಿನ ನೀರು ಎಂದಿದ್ದ ಅದೇ ಅಂಗಡಿಯವನು ಬಾಟಲಿಯನ್ನು ಬೆಳಕಿಗೆ ಹಿಡಿದು, ಕಾವಲು ಹಾಕಿದ್ದೇ ತಾನೇ ಎಂದು ಕೇಳಿದ.

“ಕಾವ್ಲಿಲ್ದುದ್ದು ನನ್ ಮನೇಲಿ ಉಟ್ಟಕಿಲ್ಲ” ಎಂದೆ.